‘ಪಠ್ಯೇತರ’ ಎಂಬ ಮಾತಿನ ಸುತ್ತ: ಸಾಂಗಲಿ–ಮಿರಜ ಭಾಗದ ವಿದ್ಯಾರ್ಥಿನಿಯರ ಕಲೆ ಮತ್ತು ಕ್ರೀಡೆ

  

ನನಗೆ ಕೊಟ್ಟಿರುವ ವಿಷಯ ‘ವಿಶ್ವವಿದ್ಯಾಲಯ ಮಟ್ಟದಲ್ಲಿ ವಿದ್ಯಾರ್ಥಿನಿಯರ ಕಲೆ ಮತ್ತು ಕ್ರೀಡಾ ಸಾಧನೆ’. ನಾನು ಇದನ್ನು ಸಾಂಗಲಿ–ಮಿರಜ ಭಾಗಕ್ಕೆ ಸೀಮಿತಗೊಳಿಸಿ ಮಾತಾಡುತ್ತೇನೆ. ಕಾರಣ ಸರಳ. ನಾನು ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನವಳು, ಮನೆಮಾತು ಕನ್ನಡ, ಪೇಟೆ ಮಾತು ಮರಾಠಿ. ಪದವಿ ಓದುವಾಗ ಖೋ-ಖೋ ಆಡಿದ್ದೇನೆ, ಯುವಜನೋತ್ಸವದಲ್ಲಿ ಜನಪದ ಹಾಡು ಹಾಡಿದ್ದೇನೆ. ಹಾಗಾಗಿ ಹೊರಗೆ ನಿಂತು ನೋಡಿದ ಮಾತು ಇದಲ್ಲ.

ವಿಷಯ ಪ್ರವೇಶ

ಕಾಲೇಜುಗಳ ವಾರ್ಷಿಕ ವರದಿಯಲ್ಲಿ ಒಂದು ವಾಕ್ಯ ಹೆಚ್ಚುಕಡಿಮೆ ಪ್ರತಿವರ್ಷ ಇದ್ದೇ ಇರುತ್ತದೆ: ‘ನಮ್ಮ ವಿದ್ಯಾರ್ಥಿನಿಯರು ಪಠ್ಯೇತರ ಚಟುವಟಿಕೆಗಳಲ್ಲಿಯೂ ಮುಂದಿದ್ದಾರೆ.’ ಓದುವಾಗ ಖುಷಿಯಾಗುತ್ತದೆ. ಆದರೆ ಈ ‘ಪಠ್ಯೇತರ’ ಅನ್ನೋ ಪದ ಏನು ಹೇಳುತ್ತಿದೆ? ಪಠ್ಯದ ಹೊರಗಿನದು, ಹೆಚ್ಚಿನದು, ಇದ್ದರೆ ಸಂತೋಷ, ಇಲ್ಲದಿದ್ದರೆ ನಷ್ಟವಿಲ್ಲ ಅಂತ.

ಒಂದು ಅನುಭವ ಹೇಳುತ್ತೇನೆ. ಪದವಿಯ ಎರಡನೆ ವರ್ಷ ಖೋ-ಖೋ ತಂಡದ ಆಯ್ಕೆಯ ದಿನವೇ ಆಂತರಿಕ ಪರೀಕ್ಷೆ ಬಂತು. ಬೇರೆ ದಿನ ಬರೆಯಲು ಅವಕಾಶ ಕೇಳಿದೆ. ‘ಆಟ ಪಠ್ಯೇತರ, ಪರೀಕ್ಷೆ ಪಠ್ಯ. ಯಾವುದು ಬೇಕು ನೀನೇ ನೋಡು’ ಎಂಬ ಉತ್ತರ ಬಂತು. ನಾನು ಪರೀಕ್ಷೆ ಬರೆದೆ. ಆ ದಿನದ ಪ್ರಶ್ನೆ ಏನಿತ್ತು ಗೊತ್ತಾ? ಜನಪದ ಗೀತೆಗಳಲ್ಲಿ ಹೆಣ್ಣಿನ ಬದುಕು. ಬೀಸುವ ಪದ, ಕುಟ್ಟುವ ಪದ, ಸೋಬಾನೆ ಪದಗಳ ಬಗ್ಗೆ ನಾಲ್ಕು ಪುಟ ಬರೆದೆ. ಅದಕ್ಕೆ ಅಂಕ ಬಂತು. ಅದೇ ತಿಂಗಳು ನಮ್ಮವ್ವನಿಂದ ಕಲಿತ ಬೀಸುವ ಪದವನ್ನು ಯುವಜನೋತ್ಸವದಲ್ಲಿ ಹಾಡಿದ್ದೆ. ಅದು ಪಠ್ಯೇತರ! ಅಂದರೆ ಅದೇ ಹಾಡು ಪುಸ್ತಕದಲ್ಲಿ ಅಚ್ಚಾದರೆ ಪಠ್ಯ, ಅವ್ವನ ಬಾಯಿಂದ ಮಗಳ ಬಾಯಿಗೆ ಬಂದರೆ ಪಠ್ಯೇತರ.

ಈ ಪ್ರಬಂಧದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಹೆಣ್ಣುಮಕ್ಕಳ ಕಲೆ ಮತ್ತು ಕ್ರೀಡೆ ಓದಿನ ಮೇಲಿನ ಒಗ್ಗರಣೆ ಅಲ್ಲ, ಅದೇ ಒಂದು ಓದು. ಅದು ಬೆಳೆಯಲು ಮೂರು ಬೇಕು: ಹತ್ತಿರದಲ್ಲಿ ಕಲಿಸುವವರು, ಮನೆಗೆಲಸದಿಂದ ಬಿಡುಗಡೆಯಾದ ಹೊತ್ತು, ಹೋಗಿ ಬರುವ ದಾರಿ. ಸಾಂಗಲಿ–ಮಿರಜದ ಉದಾಹರಣೆಗಳು ಇದನ್ನೇ ಹೇಳುತ್ತವೆ.

ಗಡಿಯ ಈ ಊರುಗಳು

ದೂರದಿಂದ ಕೇಳುತ್ತಿರುವವರಿಗಾಗಿ ಊರಿನ ಪರಿಚಯ. ಸಾಂಗಲಿ ಮತ್ತು ಮಿರಜ ಸುಮಾರು ಹತ್ತು ಕಿಲೋಮೀಟರ್ ಅಂತರದ ಜೋಡಿ ಊರುಗಳು. 1998ರಿಂದ ಕುಪವಾಡವೂ ಸೇರಿ ಒಂದೇ ಮಹಾನಗರಪಾಲಿಕೆ. ಮಿರಜ ದೊಡ್ಡ ರೈಲ್ವೆ ಜಂಕ್ಷನ್. ಪುಣೆ, ಕೊಲ್ಹಾಪುರ, ಪಂಢರಪುರ, ಬೆಳಗಾವಿ–ಹುಬ್ಬಳ್ಳಿ ಕಡೆಯ ಗಾಡಿಗಳು ಇಲ್ಲಿ ಕೂಡುತ್ತವೆ.

ಹಿಂದೆ ಇವು ಪಟವರ್ಧನ ಮನೆತನದ ಸಂಸ್ಥಾನಗಳು. ಶಿರಹಟ್ಟಿ, ತೇರದಾಳ, ಬೆಳಗಾವಿಯ ಶಹಾಪುರ ಸಾಂಗಲಿ ಸಂಸ್ಥಾನಕ್ಕೂ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಸೇರಿದ್ದವು. ಹಾಗಾಗಿ ಈ ಊರುಗಳಿಗೆ ಕನ್ನಡ ಹೊಸದಲ್ಲ. ಆಧುನಿಕ ಮರಾಠಿ ರಂಗಭೂಮಿಯ ಆರಂಭವೆಂದು ಹೇಳುವ ವಿಷ್ಣುದಾಸ ಭಾವೆ ಅವರ ‘ಸೀತಾ ಸ್ವಯಂವರ’ 1843ರಲ್ಲಿ ಸಾಂಗಲಿಯಲ್ಲೇ ಆಯಿತು. ಅದಕ್ಕೆ ಪ್ರೇರಣೆ ಉತ್ತರ ಕನ್ನಡದ ಕರ್ಕಿಯಿಂದ ಬಂದಿದ್ದ ಯಕ್ಷಗಾನ ಮೇಳದ ಆಟ. ಆದರೆ ಒಂದು ಮಾತು ನೆನಪಿಡಬೇಕು. ಆ ಮೇಳದಲ್ಲೂ, ಆ ನಾಟಕದಲ್ಲೂ ಸೀತೆ ಗಂಡಸೇ. ಮುಂದೆ ಬಾಲಗಂಧರ್ವರ ಕಾಲದವರೆಗೂ ರಂಗದ ಮೇಲಿನ ಹೆಣ್ಣು ಬಹುಮಟ್ಟಿಗೆ ಗಂಡಸೇ ಆಗಿದ್ದ. ಕಲೆ ಊರಿಗೆ ಬಂದ ಕೂಡಲೇ ಆ ಊರಿನ ಹೆಣ್ಣುಮಕ್ಕಳಿಗೆ ಸಿಕ್ಕಿತು ಅಂತ ತಿಳಿಯುವ ಹಾಗಿಲ್ಲ.

ಮಿರಜದ ಸ್ವರ

ಸಂಗೀತದಿಂದ ಶುರು ಮಾಡುತ್ತೇನೆ, ಯಾಕೆಂದರೆ ಮಿರಜ ಅಂದರೆ ಮೊದಲು ನೆನಪಾಗುವುದು ತಂಬೂರಿ. ಇಲ್ಲಿನ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ ಮಿರಜದಲ್ಲಿ ನೆಲೆಸಿದ್ದರು. 1937ರಲ್ಲಿ ತೀರಿಕೊಂಡ ಅವರ ಸಮಾಧಿ ಇಲ್ಲಿನ ಮೀರಾಸಾಹೇಬ ದರ್ಗಾದ ಆವರಣದಲ್ಲಿದೆ. ಅವರ ನೆನಪಿನಲ್ಲಿ ಅಲ್ಲಿ ಸಂಗೀತೋತ್ಸವ ನಡೆಯುತ್ತದೆ.

ಅವರ ಮಗಳು ಹೀರಾಬಾಯಿ ಬಡೋದೇಕರ್ ಹುಟ್ಟಿದ್ದು 1905ರಲ್ಲಿ ಮಿರಜದಲ್ಲೇ. ಆ ಕಾಲದಲ್ಲಿ ಹೆಣ್ಣುಮಗಳ ಹಾಡುಗಾರಿಕೆ ಅಂದರೆ ಶ್ರೀಮಂತರ ಮನೆಯ ಬೈಠಕ್. ಹೀರಾಬಾಯಿ ಟಿಕೆಟ್ ಇಟ್ಟು ಸಾರ್ವಜನಿಕ ಕಚೇರಿ ನಡೆಸಿದ ಮೊದಲ ಗಾಯಕಿಯರಲ್ಲಿ ಒಬ್ಬರು. ಟಿಕೆಟ್ ಅನ್ನೋದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಟಿಕೆಟ್ ಕೊಂಡವನು ಪೋಷಕ ಅಲ್ಲ, ಕೇಳುಗ. ಅವನು ಹಾಡಿಗೆ ಹಣ ಕೊಡುತ್ತಾನೆ, ಹಾಡುವವಳಿಗೆ ಯಜಮಾನ ಆಗುವುದಿಲ್ಲ. ಹೀರಾಬಾಯಿ ಮುಂದೆ ನಾಟಕದ ರಂಗವನ್ನೂ ಏರಿದರು. 1970ರಲ್ಲಿ ಅವರಿಗೆ ಪದ್ಮಭೂಷಣ ಬಂತು. ತಂಗಿ ಸರಸ್ವತಿ ರಾಣೆ ಕೂಡ ಹೆಸರಾಂತ ಗಾಯಕಿ.

ಅಬ್ದುಲ್ ಕರೀಂ ಖಾನರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು. ಅವರ ಶಿಷ್ಯೆ ನಮ್ಮ ಗಂಗೂಬಾಯಿ ಹಾನಗಲ್. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರ ಶಾಲಾ ಓದು ಪ್ರಾಥಮಿಕ ಹಂತಕ್ಕೇ ನಿಂತಿತು. ಹಾಡುವ ಮನೆತನದ ಹುಡುಗಿ ಅಂತ ಓಣಿಯಲ್ಲಿ ‘ಗಾನೇವಾಲಿ’ ಎಂದು ಹಂಗಿಸುತ್ತಿದ್ದುದನ್ನು ಅವರೇ ನೆನೆದಿದ್ದಾರೆ. ಸವಾಯಿ ಗಂಧರ್ವರ ಹತ್ತಿರ ಪಾಠಕ್ಕೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. ಮುಂದೆ ಅವರೇ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಗೀತದ ಗೌರವ ಪ್ರಾಧ್ಯಾಪಕಿಯಾದರು. 2002ರಲ್ಲಿ ಪದ್ಮವಿಭೂಷಣ ಪಡೆದರು.

ಇಲ್ಲಿ ನಾನು ಹೇಳಿದ ಮೂರು ಸಂಗತಿಗಳನ್ನು ನೋಡಿ. ಕಲಿಸುವವರು ಒಂದು ಗಂಟೆಯ ರೈಲಿನ ಅಂತರದಲ್ಲಿದ್ದರು. ಮನೆಯವರು ಹೊತ್ತು ಬಿಟ್ಟುಕೊಟ್ಟರು. ಸಂಜೆ ವಾಪಸ್ ಬರುವ ಗಾಡಿ ಇತ್ತು. ಇವುಗಳಲ್ಲಿ ಒಂದು ತಪ್ಪಿದ್ದರೂ ಇವತ್ತು ನಾವು ಕೇಳುವ ಗಂಗೂಬಾಯಿ ಇರುತ್ತಿರಲಿಲ್ಲ. ವಿಶ್ವವಿದ್ಯಾಲಯದ ಒಳಗೆ ವಿದ್ಯಾರ್ಥಿನಿಯಾಗಿ ಬರಲಾಗದವರು ಗುರುವಾಗಿ ಬಂದರು. ಅವರ ಓದನ್ನು ಪಠ್ಯೇತರ ಅಂತ ಯಾರು ಕರೀತಾರೆ?

ಕಾಲೇಜು ತೆರೆದ ಬಾಗಿಲು

ಸಂಗೀತ ಕಾಲೇಜಿನ ಹೊರಗೆ ಬೆಳೆಯಿತು. ಕಾಲೇಜಿನ ಕಥೆ ಬೇರೆ. ಡೆಕ್ಕನ್ ಎಜುಕೇಶನ್ ಸೊಸೈಟಿ 1919ರಲ್ಲಿ ಸಾಂಗಲಿಯಲ್ಲಿ ವಿಲಿಂಗ್ಡನ್ ಕಾಲೇಜು ಆರಂಭಿಸಿತು. ಕನ್ನಡ ವಿದ್ಯಾರ್ಥಿಗಳಿಗೆ ಈ ಹೆಸರು ಪರಿಚಿತ. ರಂ.ಶ್ರೀ. ಮುಗಳಿ ಅವರು ಕನ್ನಡ ಕಲಿಸಿದ್ದು ಇಲ್ಲಿ. ಅವರ ‘ಕನ್ನಡ ಸಾಹಿತ್ಯ ಚರಿತ್ರೆ’ಗೆ 1956ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಿ.ಕೃ. ಗೋಕಾಕರು 1940ರ ದಶಕದಲ್ಲಿ ಇಲ್ಲಿ ಪ್ರಾಚಾರ್ಯರಾಗಿದ್ದರು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಗುವ ಮೊದಲು ಧಾರವಾಡ, ಬೆಳಗಾವಿ, ಸಾಂಗಲಿ ಮೂರೂ ಕಡೆಯ ಕಾಲೇಜುಗಳು ಮುಂಬಯಿ ವಿಶ್ವವಿದ್ಯಾಲಯದ ಅಡಿಯಲ್ಲಿದ್ದವು. ಸಾಂಗಲಿಯ ಕಾಲೇಜುಗಳು ಈಗ 1962ರಲ್ಲಿ ಕೊಲ್ಹಾಪುರದಲ್ಲಿ ಆರಂಭವಾದ ಶಿವಾಜಿ ವಿಶ್ವವಿದ್ಯಾಲಯಕ್ಕೆ ಸೇರಿವೆ. ಇವತ್ತು ಗಡಿ ಅಂತ ಕರೆಯುವುದು ಅಂದು ವಿದ್ಯಾರ್ಥಿಗಳಿಗೆ ಒಂದೇ ಅಂಗಳ.

ಆ ಅಂಗಳದಲ್ಲಿ ಓದಿದ ಒಬ್ಬ ಕನ್ನಡತಿ ಸರೋಜಿನಿ ಮಹಿಷಿ. 1927ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಿಲಿಂಗ್ಡನ್ ಕಾಲೇಜಿನಲ್ಲಿ ಓದಿ, ಬೆಳಗಾವಿಯಲ್ಲಿ ಕಾನೂನು ಪದವಿ ಪಡೆದರು. 1962ರಲ್ಲಿ ಧಾರವಾಡ ಉತ್ತರ ಕ್ಷೇತ್ರದಿಂದ ಲೋಕಸಭೆಗೆ ಆರಿಸಿಬಂದು, ಕರ್ನಾಟಕದಿಂದ ಲೋಕಸಭೆಗೆ ಹೋದ ಮೊದಲ ಮಹಿಳೆ ಎನಿಸಿಕೊಂಡರು. ನಮಗೆ ಅವರು ಗೊತ್ತಿರುವುದು ಕನ್ನಡಿಗರ ಉದ್ಯೋಗದ ಬಗೆಗಿನ ‘ಮಹಿಷಿ ವರದಿ’ಯಿಂದ. ಆದರೆ ಅವರು ಕವಿಯೂ ಹೌದು, ಅನುವಾದಕಿಯೂ ಹೌದು, ಡಿ.ವಿ.ಜಿ.ಯವರ ಕಗ್ಗವನ್ನು ಹಿಂದಿಗೆ ತಂದವರು. ಸಂಸ್ಕೃತ, ಕಾನೂನು, ಕವಿತೆ, ರಾಜಕಾರಣ ಇವುಗಳಲ್ಲಿ ಯಾವುದು ಅವರ ಪಠ್ಯ, ಯಾವುದು ಪಠ್ಯೇತರ ಅಂತ ಗೆರೆ ಎಳೆಯಲು ಬರುವುದಿಲ್ಲ. ನಾವು ಮಾತ್ರ ವರದಿಯನ್ನು ನೆನಪಿಟ್ಟುಕೊಂಡು ಕವಿಯನ್ನು ಮರೆತೆವು.

ಮೈದಾನಕ್ಕೆ ಇಳಿದವರು

ಹಾಡಿಗೆ ಒಂದು ಕೋಣೆ ಸಾಕು. ಆಟಕ್ಕೆ ಬಯಲು ಬೇಕು, ಬಯಲಿಗೆ ಹೋಗುವ ಹುಡುಗಿಯನ್ನು ಊರೆಲ್ಲ ನೋಡುತ್ತದೆ. ಹಾಗಾಗಿ ಮೈದಾನದ ದಾರಿ ಇನ್ನೂ ಉದ್ದ.

ಸಾಂಗಲಿಯ ಹೆಸರು ಇವತ್ತು ಜಗತ್ತಿಗೆ ಗೊತ್ತಿರುವುದು ಸ್ಮೃತಿ ಮಂಧಾನಾ ಅವರಿಂದ. 1996ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಅವರು ಬೆಳೆದದ್ದು ಸಾಂಗಲಿಯ ಮಾಧವನಗರದಲ್ಲಿ, ಕಾಲೇಜು ಓದು ಸಾಂಗಲಿಯ ಚಿಂತಾಮಣರಾವ್ ಕಾಮರ್ಸ್ ಕಾಲೇಜಿನಲ್ಲಿ. ಒಂಬತ್ತನೆ ವಯಸ್ಸಿಗೆ ಮಹಾರಾಷ್ಟ್ರದ 15 ವರ್ಷದೊಳಗಿನವರ ತಂಡ, ಹನ್ನೊಂದಕ್ಕೆ 19 ವರ್ಷದೊಳಗಿನವರ ತಂಡ. 2013ರಲ್ಲಿ ಗುಜರಾತ್ ವಿರುದ್ಧ 150 ಎಸೆತಗಳಲ್ಲಿ ಔಟಾಗದೆ 224 ರನ್ ಹೊಡೆದರು. 2024ರಲ್ಲಿ ಬೆಂಗಳೂರು ತಂಡದ ನಾಯಕಿಯಾಗಿ ಮಹಿಳಾ ಪ್ರೀಮಿಯರ್ ಲೀಗ್ ಗೆದ್ದಾಗ ಕರ್ನಾಟಕದಲ್ಲೂ ಹಬ್ಬ ಆಯಿತು. 2025ರ ನವೆಂಬರ್ 2ರಂದು ಭಾರತ ವಿಶ್ವಕಪ್ ಗೆದ್ದಾಗ ಅವರು ಉಪನಾಯಕಿ.

ಈ ಅಂಕಿಗಳು ಎಲ್ಲರಿಗೂ ಗೊತ್ತು. ನನಗೆ ಮುಖ್ಯ ಅನ್ನಿಸಿದ್ದು ಮನೆಯ ಏರ್ಪಾಡು. ತಂದೆ ಅವರ ಕ್ರಿಕೆಟ್ ಕಾರ್ಯಕ್ರಮ ನೋಡಿಕೊಂಡರು, ತಾಯಿ ಊಟ ಬಟ್ಟೆ ನೋಡಿಕೊಂಡರು, ಅಣ್ಣ ನೆಟ್ಸ್‌ನಲ್ಲಿ ಚೆಂಡು ಎಸೆದ. ಅಂದರೆ ಒಬ್ಬ ಹುಡುಗಿಯ ಹೊತ್ತನ್ನು ಮೂರು ಜನ ಸೇರಿ ಉಳಿಸಿಕೊಟ್ಟರು. ಪ್ರತಿಭೆಯ ಬಗ್ಗೆ ಬರೆಯುವಾಗ ನಾವು ಈ ಲೆಕ್ಕ ಬಿಡುತ್ತೇವೆ.

ಇಂಥ ಲೆಕ್ಕ ಉಳ್ಳವರ ಮನೆಯಲ್ಲಿ ಮಾತ್ರ ಸಾಧ್ಯ ಅಂತ ಯಾರಾದರೂ ಕೇಳಬಹುದು. 2022ರ ಜೂನ್‌ನಲ್ಲಿ ಹರಿಯಾಣದಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಸಾಂಗಲಿಯ ಕಾಜೋಲ್ ಸರ್ಗರ್ ವೇಟ್‌ಲಿಫ್ಟಿಂಗ್‌ನಲ್ಲಿ ಚಿನ್ನ ಗೆದ್ದರು. ಮುಂದಿನ ತಿಂಗಳೇ ಅವರ ಅಣ್ಣ ಸಂಕೇತ್ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ ಗೆದ್ದರು. ತಂದೆಯದು ಸಾಂಗಲಿಯಲ್ಲಿ ಪಾನ್ ಮತ್ತು ತಿಂಡಿಯ ಅಂಗಡಿ. ಅಣ್ಣನಿಗೆ ತೆರೆದ ಬಾಗಿಲನ್ನು ತಂಗಿಗೆ ಮುಚ್ಚಲಿಲ್ಲ, ಅದೇ ದೊಡ್ಡದು.

ಗಡಿಯ ಆಚೆ ಈಚೆ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ನಮ್ಮ ಜತ್ತಕ್ಕೆ ತಾಗಿಕೊಂಡಿರುವ ವಿಜಯಪುರ ಜಿಲ್ಲೆಯ ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್‌ಗೆ 5 ವಿಕೆಟ್ ತೆಗೆದರು. ಅದೇ ಕೂಟದಲ್ಲಿ ಸಾಂಗಲಿಯ ಸ್ಮೃತಿ ವೆಸ್ಟ್ ಇಂಡೀಸ್ ವಿರುದ್ಧ ಶತಕ ಹೊಡೆದರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ಗೆದ್ದ ಭಾರತ ತಂಡಕ್ಕೆ ಮಹಾರಾಷ್ಟ್ರದ ಪ್ರಿಯಾಂಕಾ ಇಂಗಳೆ ನಾಯಕಿ. ಮೈಸೂರು ಜಿಲ್ಲೆಯ ಕುರುಬೂರಿನ ಚೈತ್ರಾ ಅದೇ ತಂಡದ ಆಟಗಾರ್ತಿ. ಎರಡು ರಾಜ್ಯಗಳು ಗಡಿಗಾಗಿ ನ್ಯಾಯಾಲಯದಲ್ಲಿರುವಾಗ ಹುಡುಗಿಯರು ಒಂದೇ ಸಾಲಿನಲ್ಲಿ ಕೂತು ‘ಖೋ’ ಕೊಡುತ್ತಿದ್ದರು. ಖೋ-ಖೋ ಆಡಿದವಳಾಗಿ ನನಗೆ ಆ ದಿನ ಕಣ್ಣು ತುಂಬಿತು, ಸುಳ್ಳು ಹೇಳೋದಿಲ್ಲ.

ವ್ಯವಸ್ಥೆ ಹೇಗೆ ನಡೆಯುತ್ತದೆ

ವಿಶ್ವವಿದ್ಯಾಲಯದ ಒಳಗಿನ ಮೆಟ್ಟಿಲುಗಳನ್ನು ಸ್ವಲ್ಪ ವಿವರಿಸುತ್ತೇನೆ. ಕಲೆಯಲ್ಲಿ ಮೊದಲು ಕಾಲೇಜು, ಆಮೇಲೆ ಜಿಲ್ಲಾ ಮಟ್ಟದ ಯುವಜನೋತ್ಸವ, ಆಮೇಲೆ ವಿಶ್ವವಿದ್ಯಾಲಯದ ಮಧ್ಯವರ್ತಿ ಉತ್ಸವ. ಅಲ್ಲಿಂದ ಮಹಾರಾಷ್ಟ್ರದ ಎಲ್ಲ ವಿಶ್ವವಿದ್ಯಾಲಯಗಳ ‘ಇಂದ್ರಧನುಷ್ಯ’, ಇನ್ನೊಂದು ದಾರಿಯಲ್ಲಿ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ವಲಯ ಮತ್ತು ರಾಷ್ಟ್ರೀಯ ಉತ್ಸವ. ಸಂಗೀತ, ನೃತ್ಯ, ಏಕಾಂಕ, ಮೂಕಾಭಿನಯ, ರಂಗೋಲಿ, ಮಣ್ಣಿನ ಶಿಲ್ಪ, ಭಾಷಣ, ಚರ್ಚೆ ಎಲ್ಲ ಇವೆ. ಆಟಕ್ಕೆ ರಾಜ್ಯ ಮಟ್ಟದಲ್ಲಿ ‘ಅಶ್ವಮೇಧ’, ರಾಷ್ಟ್ರ ಮಟ್ಟದಲ್ಲಿ ಅಂತರ ವಿಶ್ವವಿದ್ಯಾಲಯ ಸ್ಪರ್ಧೆಗಳು, 2020ರಿಂದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ. ಅದರ ಎರಡನೆ ಕೂಟ 2022ರಲ್ಲಿ ಬೆಂಗಳೂರಿನಲ್ಲೇ ಆಯಿತು.

ಮೆಟ್ಟಿಲುಗಳೇನೋ ಇವೆ. ಆದರೆ ಒಂದೊಂದು ಮೆಟ್ಟಿಲಲ್ಲೂ ಹುಡುಗಿಯರಿಗೆ ಒಂದೊಂದು ಪ್ರಶ್ನೆ. ತಂಡದ ಜೊತೆ ಮೇಡಂ ಬರ್ತಾರಾ? ರಾತ್ರಿ ಎಲ್ಲಿ ಉಳಿಯೋದು? ವಾಪಸ್ ಬರುವಾಗ ಬಸ್ಸು ಇದೆಯಾ? ನಮ್ಮವ್ವ ಒಂದೇ ಮಾತು ಹೇಳುತ್ತಿದ್ದಳು: ‘ಓಡೂದ ಓಡವಾ, ಆದ್ರ ಹೊತ್ತ ಮುಳಗೂದ್ರಾಗ ಮನಿಗಿ ಬಾ.’ ತಾಲೀಮು ನಡೆಯುವುದೇ ತರಗತಿ ಮುಗಿದ ಮೇಲೆ, ಸಂಜೆ ಐದರಿಂದ ಏಳು. ನಮ್ಮೂರಿನ ಕಡೆಯ ಬಸ್ಸು ಆರೂವರೆಗೆ. ಮಹಾರಾಷ್ಟ್ರದಲ್ಲಿ 2023ರ ಮಾರ್ಚ್‌ನಿಂದ ಎಸ್‌ಟಿ ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್, ಕರ್ನಾಟಕದಲ್ಲಿ ಅದೇ ವರ್ಷದ ಜೂನ್‌ನಿಂದ ‘ಶಕ್ತಿ’ ಯೋಜನೆ. ಎರಡೂ ಒಳ್ಳೆಯವೇ. ಆದರೆ ಟಿಕೆಟ್ ಅಗ್ಗವಾದರೆ ಸಾಲದು, ಏಳು ಗಂಟೆಯ ಮೇಲೊಂದು ಬಸ್ಸು ಬೇಕು. ನಮ್ಮ ತಂಡದಲ್ಲಿ ನನಗಿಂತ ವೇಗವಾಗಿ ಓಡುತ್ತಿದ್ದ ಇಬ್ಬರು ಆಟ ಬಿಟ್ಟರು. ಒಬ್ಬಳದು ಬಸ್ಸಿನ ಕಾರಣ, ಇನ್ನೊಬ್ಬಳದು ಮದುವೆ. ಕಾಲು ನೋವಿನಿಂದ ಬಿಟ್ಟವರು ಒಬ್ಬರೂ ಇರಲಿಲ್ಲ.

ಭಾಷೆಯ ಪ್ರಶ್ನೆಯೂ ಇದೆ. ರಾಷ್ಟ್ರೀಯ ಉತ್ಸವದಲ್ಲಿ ಭಾಷಣ ಹಿಂದಿ ಅಥವಾ ಇಂಗ್ಲಿಷಿನಲ್ಲಿ. ನಮ್ಮ ಮಟ್ಟದಲ್ಲಿ ಮರಾಠಿಯ ಬಲ ಸಹಜವಾಗಿಯೇ ಹೆಚ್ಚು. ಗಡಿಯ ಕನ್ನಡ ಹುಡುಗಿ ಮಾತಿನ ಸ್ಪರ್ಧೆಗಿಂತ ಹಾಡು, ಕುಣಿತ, ಆಟದ ಕಡೆಗೆ ಹೋಗುವುದನ್ನು ನಾನು ಕಂಡಿದ್ದೇನೆ. ನಾನೂ ಹಾಗೇ ಹೋದವಳು. ನಾನು ಕನ್ನಡದ ಬೀಸುವ ಪದ ಹಾಡಿದಾಗ ತೀರ್ಪುಗಾರರೊಬ್ಬರು ‘ಶಬ್ದ ತಿಳಿಯಲಿಲ್ಲ, ಆದರೆ ಕಲ್ಲು ತಿರುಗುವುದು ಕೇಳಿಸಿತು’ ಎಂದು ಮರಾಠಿಯಲ್ಲಿ ಹೇಳಿದರು. ಆ ಮಾತು ನನಗೆ ಬಹುಮಾನಕ್ಕಿಂತ ದೊಡ್ಡದು. ಗಡಿಯಲ್ಲಿ ಮಾತು ತಡವರಿಸಿದ ಕಡೆ ಸ್ವರ ಮತ್ತು ಕಾಲು ದಾಟುತ್ತವೆ.

ಉಪಸಂಹಾರ

ಕನ್ನಡ ವಿಭಾಗದ ಸಂಕಿರಣದಲ್ಲಿ ಕ್ರಿಕೆಟ್, ಖೋ-ಖೋ ಯಾಕೆ ಅಂತ ಕೆಲವರಿಗೆ ಅನ್ನಿಸಿರಬಹುದು. ಸಾಹಿತ್ಯ ಚರಿತ್ರೆ ಅಚ್ಚಾದದ್ದನ್ನು ಎಣಿಸುತ್ತದೆ. ಹೆಣ್ಣುಮಕ್ಕಳ ಬಹುಪಾಲು ಸಾಧನೆ ಸ್ವರದಲ್ಲಿ, ಮೈಯಲ್ಲಿ, ನೆನಪಿನಲ್ಲಿದೆ. ಅದನ್ನು ಬರೆದಿಡುವ ಕೆಲಸ ನಮ್ಮದಲ್ಲದಿದ್ದರೆ ಇನ್ನಾರದು?

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಠ್ಯ ಮತ್ತು ಪಠ್ಯೇತರದ ನಡುವೆ ಗಟ್ಟಿ ಗೋಡೆ ಬೇಡ ಎನ್ನುತ್ತದೆ. ಮಹಾರಾಷ್ಟ್ರದ ಹೊಸ ಪದವಿ ರಚನೆಯಲ್ಲಿ ಕ್ರೀಡೆ, ಕಲೆಗೆ ‘ಸಹಪಠ್ಯ’ ಎಂದು ಕ್ರೆಡಿಟ್ ಕೂಡ ಇದೆ. ಕಾಗದದ ಮೇಲೆ ಗೋಡೆ ಬಿದ್ದಿದೆ, ಇನ್ನು ಟೈಮ್‌ಟೇಬಲ್‌ನಲ್ಲಿ ಬೀಳಬೇಕು. ನನ್ನ ಕೋರಿಕೆ ಮೂರು. ಸ್ಪರ್ಧೆ, ಆಯ್ಕೆಗಳ ದಿನ ಪರೀಕ್ಷೆ ಬಂದರೆ ಇನ್ನೊಂದು ದಿನ ಬರೆಯುವ ಹಕ್ಕು ಇರಲಿ, ಅದು ಯಾರ ದಯೆಯೂ ಆಗಬಾರದು. ತಾಲೀಮನ್ನು ಹಗಲಿನ ವೇಳಾಪಟ್ಟಿಯ ಒಳಗೆ ತರಲಿ. ಆಗ ಬಸ್ಸಿನ ಪ್ರಶ್ನೆ ಅರ್ಧ ಕಡಿಮೆಯಾಗುತ್ತದೆ. ಜನಪದ ಸಾಹಿತ್ಯದ ಪತ್ರಿಕೆಯಲ್ಲಿ ಹಾಡುವುದಕ್ಕೂ ಅಂಕ ಇರಲಿ.

ನನ್ನ ತಂಗಿ ಈ ವರ್ಷ ಪದವಿಗೆ ಸೇರಿದ್ದಾಳೆ. ಅವಳದು ಎಂಟುನೂರು ಮೀಟರ್ ಓಟ. ಮೊನ್ನೆ ಫೋನ್ ಮಾಡಿ, ‘ಅಕ್ಕಾ, ಆಯ್ಕೆ ಮತ್ತ ಪರೀಕ್ಷೆ ಒಂದಽ ದಿನ ಬಂದಾವ, ಏನ್ ಮಾಡ್ಲಿ?’ ಅಂತ ಕೇಳಿದಳು. ಓಡು ಅಂತ ಹೇಳಿದ್ದೇನೆ. ಪರೀಕ್ಷೆಯ ಬಗ್ಗೆ ಅವಳ ಕಾಲೇಜಿಗೆ ನಾನೇ ಹೋಗಿ ಅರ್ಜಿ ಕೊಟ್ಟು ಬಂದಿದ್ದೇನೆ. ಉತ್ತರ ಇನ್ನೂ ಬರಬೇಕು.